ಅರವತ್ತೈದು ಡಿಗ್ರಿಯ ಒಕ್ಕಲು

ಮೊದಲ ದಿನ

ಸಂಕ್ರಾಂತಿಯ ಮರುದಿನ, ಬೆಳಗಿನ ಏಳು ಗಂಟೆ. ಬೆಂಗಳೂರಿನ ಬಸವೇಶ್ವರನಗರದ ಒಂದು ಉದ್ಯಾನದ ಹಿಂಬದಿಯ ಮೂಲೆಯಲ್ಲಿ ನೀವು ನಿಂತಿದ್ದೀರಿ. ಕಿವಿಗೆ ಮಫ್ಲರ್ ಸುತ್ತಿಕೊಂಡ ಹಿರಿಯರು ಬಿರುಸಾಗಿ ಸುತ್ತು ಹಾಕುತ್ತಿದ್ದಾರೆ. ರಸ್ತೆಯಂಚಿನ ಮರಗಳು ಎಲೆ ಉದುರಿಸಲು ಶುರುಮಾಡಿವೆ. ನಿಮ್ಮೆದುರಿಗೆ ಕಬ್ಬಿಣದ ಜಾಲರಿ ಸುತ್ತಿದ ಮೂರು ಗೊಬ್ಬರದ ಖಾನೆಗಳಿವೆ, ಒಂದೊಂದೂ ಎದೆಮಟ್ಟ ಎತ್ತರ. ಎರಡು ತುಂಬಿವೆ, ಮೂರನೆಯದು ಖಾಲಿ. ಮಾಲಿ ಅದರ ತಳಕ್ಕೆ ಒಣ ಕಡ್ಡಿಗಳನ್ನೂ ತೆಂಗಿನ ಗರಿಯ ತುಂಡುಗಳನ್ನೂ ಅಡ್ಡಾದಿಡ್ಡಿ ಹಾಸುತ್ತಿದ್ದಾರೆ. ಗಾಳಿ ಅಡಿಯಿಂದಲೂ ಆಡಬೇಕು.

ಗೇಟಿನ ಬಳಿ ಆಟೊ ಟಿಪ್ಪರ್ ನಿಂತಿತು. ಹಸಿ ಕಸದ ಡ್ರಮ್ಮನ್ನು ಇಬ್ಬರು ಹಿಡಿದು ತಂದಿಳಿಸಿದರು. ಬಗ್ಗಿ ನೋಡಿ, ಇಡೀ ಬಡಾವಣೆಯ ಹಬ್ಬ ಅದರೊಳಗಿದೆ. ಹಿತುಕಿದ ಅವರೆಯ ಸಿಪ್ಪೆ, ಅದರ ಸೊಗಡಿನ್ನೂ ಹೋಗಿಲ್ಲ. ಕಬ್ಬಿನ ಸಿಪ್ಪೆ, ಗೆಣಸಿನ ಸಿಪ್ಪೆ, ಬಾಡಿದ ಸೇವಂತಿಗೆ, ಮಾವಿನೆಲೆಯ ತೋರಣ, ಡಿಕಾಕ್ಷನ್ ಇಳಿಸಿದ ಕಾಫಿಪುಡಿ, ತಳ ಹಿಡಿದ ಪೊಂಗಲ್. ನಡುವೆ ಒಂದು ಕಪ್ಪು ಪ್ಲಾಸ್ಟಿಕ್ ಕವರ್. ಪೌರಕಾರ್ಮಿಕ ಮಹಿಳೆ ಅದನ್ನು ಎಳೆದು, ಗಂಟು ಬಿಚ್ಚಿ, ಒಳಗಿದ್ದುದನ್ನು ಸುರಿದು, ಕವರನ್ನು ಪಕ್ಕದ ಚೀಲಕ್ಕೆ ಹಾಕಿದರು. ಅವರ ಕೈಯನ್ನು ಗಮನಿಸಿ. ಈ ಕಥೆ ಮತ್ತೆ ಆ ಕೈಗಳ ಬಳಿಗೆ ಬರಬೇಕಾಗುತ್ತದೆ.

ರಾಶಿ ಏಳತೊಡಗಿತು. ಒಂದು ಬಾಂಡ್ಲಿ ಹಸಿ ಕಸಕ್ಕೆ ಎರಡು ಬಾಂಡ್ಲಿ ಒಣ ಎಲೆ. ಈ ಲೆಕ್ಕಕ್ಕೆ ಕಾರಣವಿದೆ. ರಾಶಿಯಲ್ಲಿ ನೈಟ್ರೋಜನ್ ಒಂದು ಪಾಲಿದ್ದರೆ ಕಾರ್ಬನ್ ಇಪ್ಪತ್ತೈದರಿಂದ ಮೂವತ್ತು ಪಾಲಿರಬೇಕು. ತರಕಾರಿ, ಅನ್ನ, ಹೂವಿನಲ್ಲಿ ನೈಟ್ರೋಜನ್ ಹೆಚ್ಚು. ತರಗೆಲೆಯಲ್ಲಿ ಕಾರ್ಬನ್ ಹೆಚ್ಚು. ಎಲೆ ಕಡಿಮೆಯಾದರೆ ಮೂಗಿಗೆ ಅಮೋನಿಯದ ಘಾಟು ಬಡಿಯುತ್ತದೆ. ಮಾಲಿ ಒಂದು ಹಿಡಿ ಮಿಶ್ರಣ ತೆಗೆದು ಮುಷ್ಟಿಯಲ್ಲಿ ಹಿಂಡುತ್ತಾರೆ. ಬೆರಳ ಸಂದಿನಲ್ಲಿ ನಾಲ್ಕು ಹನಿ ಜಿನುಗಿತು. ಸಾಕು. ಧಾರೆಯಾಗಿ ಇಳಿದಿದ್ದರೆ ನೀರು ಹೆಚ್ಚಾಯಿತೆಂದು ಇನ್ನಷ್ಟು ಎಲೆ ಸೇರಿಸುತ್ತಿದ್ದರು. ಕೊನೆಗೆ ಪಕ್ಕದ ಖಾನೆಯಿಂದ ಎರಡು ಬಾಂಡ್ಲಿ ಹಳೆಯ ಗೊಬ್ಬರ ಹರವಿ, ಮೇಲೆ ದಪ್ಪಗೆ ಎಲೆ ಮುಚ್ಚಿದರು.

ಉದ್ದ ಕಡ್ಡಿಯ ಥರ್ಮಾಮೀಟರನ್ನು ರಾಶಿಯ ನಡುವಿಗೆ ಚುಚ್ಚಿ ನೋಡಿ. 21 ಡಿಗ್ರಿ ಸೆಲ್ಸಿಯಸ್. ಸುತ್ತಲಿನ ಗಾಳಿಯಷ್ಟೇ ತಣ್ಣಗಿದೆ.

ಎರಡನೇ ದಿನ

ಇಪ್ಪತ್ತನಾಲ್ಕು ಗಂಟೆ ಕಳೆದಿದೆ, ಮುಳ್ಳು 38ಕ್ಕೆ ಬಂದಿದೆ. ಈಗ ನೀವು ಹೊರಗೆ ನಿಂತರೆ ಸಾಲದು, ಒಳಗೆ ಇಳಿಯಬೇಕು.

ಅವರೆ ಸಿಪ್ಪೆಯೊಂದರ ಮೇಲೆ ತೆಳ್ಳನೆಯ ನೀರಿನ ಪೊರೆಯಿದೆ. ಅದರೊಳಗೆ ಬ್ಯಾಕ್ಟೀರಿಯಾ ಕಿಕ್ಕಿರಿದಿವೆ. ಸಕ್ಕರೆ, ಪಿಷ್ಟ ಮುಂತಾದ ಸುಲಭದ ತುತ್ತನ್ನು ಮೊದಲು ಮುಗಿಸುತ್ತವೆ. ಆಮ್ಲಜನಕ ಎಳೆದುಕೊಂಡು ಸಕ್ಕರೆಯನ್ನು ಒಡೆಯುತ್ತವೆ, ಇಂಗಾಲದ ಡೈಆಕ್ಸೈಡ್ ಬಿಡುತ್ತವೆ. ಸಿಕ್ಕ ಶಕ್ತಿಯ ಒಂದು ಪಾಲು ಅವುಗಳ ಬದುಕಿಗೆ. ಉಳಿದದ್ದು ಬಿಸಿಯಾಗಿ ಹೊರಬೀಳುತ್ತದೆ. ನಿಮ್ಮ ಮೈ ಬೆಚ್ಚಗಿರುವುದೂ ಇದೇ ಲೆಕ್ಕದಲ್ಲಿ. ಒಂದು ಜೀವಕೋಶದ ಬಿಸಿ ಲೆಕ್ಕಕ್ಕೇ ಬರದಷ್ಟು ಅಲ್ಪ. ಆದರೆ ಹಿಡಿ ಗೊಬ್ಬರದಲ್ಲಿ ಅವು ಕೋಟಿ ಕೋಟಿ ಇವೆ, ಎಲೆಯ ಹೊದಿಕೆ ಬಿಸಿಯನ್ನು ಹೊರಗೆ ಬಿಡುತ್ತಿಲ್ಲ. ರಾಶಿ ಎತ್ತರ, ಅಗಲ, ಉದ್ದದಲ್ಲಿ ಮೂರು ಮೂರು ಅಡಿಯಾದರೂ ಇರಬೇಕೆನ್ನುವುದು ಇದಕ್ಕೇ. ಬಾಲ್ಕನಿಯ ಮಡಕೆಯಲ್ಲಿ ಗೊಬ್ಬರವಾಗುತ್ತದೆ, ಆದರೆ ಅಷ್ಟು ಸಣ್ಣ ರಾಶಿ ಬಿಸಿಯನ್ನು ಹಿಡಿದಿಟ್ಟುಕೊಳ್ಳಲಾರದು.

ಸಂಜೆಗೆ 45 ಡಿಗ್ರಿ. ರಾಶಿಯನ್ನು ಬಿಸಿ ಮಾಡಿದವರಿಗೇ ಈಗ ಬಿಸಿ ತಾಳಲಾಗುತ್ತಿಲ್ಲ. ಹಿತವಾದ ಬೆಚ್ಚಗೆಯಲ್ಲಿ ಬಾಳುವ ಬ್ಯಾಕ್ಟೀರಿಯಾಗಳ ಪ್ರೋಟೀನುಗಳು ಮಡಿಕೆ ಬಿಚ್ಚಿ ಕೆಡತೊಡಗಿವೆ. ಕೆಲವು ಸಾಯುತ್ತಿವೆ, ಕೆಲವು ಗಟ್ಟಿ ಬೀಜಕವಾಗಿ ಮಲಗುತ್ತಿವೆ. ಇಲ್ಲಿಗೆ ಎಲ್ಲ ಮುಗಿಯಬೇಕಿತ್ತು. ಮುಗಿಯುವುದಿಲ್ಲ.

ಏಕೆಂದರೆ ಮೊದಲ ದಿನದಿಂದಲೂ ಇನ್ನೊಂದು ಒಕ್ಕಲು ಇಲ್ಲೇ ಕಾದು ಕುಳಿತಿತ್ತು. ತರಗೆಲೆಗೆ ಅಂಟಿದ ಮಣ್ಣಿನಲ್ಲಿ, ಮಾಲಿ ಹರವಿದ ಹಳೆ ಗೊಬ್ಬರದಲ್ಲಿ ಉಷ್ಣಪ್ರಿಯ ಜೀವಿಗಳ ಬೀಜಕಗಳು ನಿದ್ರಿಸುತ್ತಿದ್ದವು. ಜಿಯೋಬ್ಯಾಸಿಲಸ್ ಎಂಬ ಕುಲ ಅವುಗಳಲ್ಲೊಂದು. ಚಳಿನಾಡಿನ ಮಣ್ಣಿನಲ್ಲೂ ಅದರ ಬೀಜಕಗಳು ಸಿಗುತ್ತವೆ. ಗಾಳಿಯ ಧೂಳಿನಲ್ಲಿ ತೇಲಿ ಊರೂರು ಸೇರುವ ಆ ಬೀಜಕಗಳು ವರ್ಷಗಟ್ಟಲೆ ಸುಮ್ಮನಿದ್ದು, ಇಂಥ ಬಿಸಿ ಸಿಕ್ಕೊಡನೆ ಮೊಳೆಯುತ್ತವೆ. ಇತರರಿಗೆ ಚಿತೆಯಾದ ಬಿಸಿ ಇವುಗಳಿಗೆ ಹೆರಿಗೆಮನೆ.

ಐದನೇ ದಿನ

ಬೆಳಗ್ಗೆ ಆರೂವರೆ. ಸ್ವೆಟರ್ ಹಾಕಿದ್ದರೂ ಚಳಿ. ಮಾಲಿ ಮೂಗಿಗೆ ಟವೆಲ್ ಕಟ್ಟಿಕೊಂಡು ಸನಿಕೆ ಹಿಡಿದಿದ್ದಾರೆ. ನೀವೂ ಮೂಗು ಮುಚ್ಚಿಕೊಳ್ಳಿ. ಬಿಸಿ ಗೊಬ್ಬರದಿಂದ ಏಳುವ ಬೂಷ್ಟಿನ ಧೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಮೇಲಿನ ಎಲೆ ಸರಿಸಿ ಮೊದಲ ಸನಿಕೆ ಎತ್ತಿದರು. ಒಳಗಿಂದ ಬೆಳ್ಳನೆಯ ಹಬೆ ದಟ್ಟವಾಗಿ ಎದ್ದು ಅವರ ಮುಖವನ್ನೇ ಮುಚ್ಚಿತು.

ವಾಕಿಂಗ್ ಬಂದ ಅಜ್ಜಿಯೊಬ್ಬರು ಗಕ್ಕನೆ ನಿಂತರು.

“ಏನಣ್ಣ ಇದು, ಕಸಕ್ಕೆ ಬೆಂಕಿ ಹಾಕಿದ್ದೀರಾ?”

“ಬೆಂಕಿ ಅಲ್ಲಮ್ಮ. ಒಳಗೇ ಕಾದಿರೋದು. ಬನ್ನಿ, ಕೈ ಇಟ್ಟು ನೋಡಿ.”

ಅಜ್ಜಿ ಬೆರಳಿಟ್ಟು ಸರಕ್ಕನೆ ಹಿಂದೆಗೆದರು. “ಅಯ್ಯೋ, ಸುಡುತ್ತಲ್ಲಪ್ಪಾ!”

ಥರ್ಮಾಮೀಟರ್ 65 ತೋರಿಸುತ್ತಿದೆ. ಸ್ನಾನದ ನೀರು 40 ಡಿಗ್ರಿ ದಾಟಿದರೆ ನಾವು ತಣ್ಣೀರು ಬೆರೆಸುತ್ತೇವೆ. ಪುತ್ತೂರು ಸೀಮೆಯ ಇರ್ದೆಯಲ್ಲಿರುವ ಬೆಂದ್ರ್ ತೀರ್ಥ ಕರ್ನಾಟಕದ ಹೆಸರಾಂತ ಬಿಸಿನೀರಿನ ಬುಗ್ಗೆ, ಅಲ್ಲಿಯದೂ ಮೀಯಬಹುದಾದ ಹದದ ಬಿಸಿಯೇ. ಬಸವೇಶ್ವರನಗರದ ಕಸದ ರಾಶಿ ಅದನ್ನು ಮೀರಿಸಿದೆ. ಹಾಲನ್ನು 63 ಡಿಗ್ರಿಯಲ್ಲಿ ಅರ್ಧ ಗಂಟೆ ಇಟ್ಟರೆ ಕ್ಷಯದ ರೋಗಾಣು ಸಾಯುತ್ತದೆ. ಪಾಶ್ಚರೀಕರಣದ ಹಳೆಯ ವಿಧಾನವೇ ಅದು. ಈ ರಾಶಿ ಅಂಥ ಬಿಸಿಯಲ್ಲಿ ದಿನಗಟ್ಟಲೆ ಇರುತ್ತದೆ. ರಾಶಿಯ ಎಲ್ಲ ಭಾಗವೂ ಮೂರು ದಿನ 55 ಡಿಗ್ರಿ ದಾಟಿದ್ದರೆ ಬಹುಪಾಲು ರೋಗಾಣು, ಜಂತುಹುಳದ ಮೊಟ್ಟೆ, ಕಳೆಯ ಬೀಜ ನಾಶವಾಗುತ್ತವೆ. ಅಂಚು ತಣ್ಣಗಿರುವುದರಿಂದ ಮಾಲಿ ಹೊರಗಿನದನ್ನು ಒಳಕ್ಕೆ, ಒಳಗಿನದನ್ನು ಹೊರಕ್ಕೆ ತಿರುವಿ ಹಾಕುತ್ತಿದ್ದಾರೆ.

ಇಷ್ಟು ಬಿಸಿಯಲ್ಲಿ ಅವು ಬದುಕುವುದಾದರೂ ಹೇಗೆ? ಮತ್ತೆ ಒಳಗಿಳಿದು ಒಂದೇ ಜೀವಕೋಶದ ಪಕ್ಕ ನಿಲ್ಲಿ. ಅದರ ಹೊರಪೊರೆ ಕೊಬ್ಬಿನದು. ಜನವರಿಯ ಚಳಿಗೆ ನಿಮ್ಮ ಮನೆಯ ಕೊಬ್ಬರಿ ಎಣ್ಣೆ ಗಡ್ಡೆ ಕಟ್ಟುತ್ತದೆ, ಪಕ್ಕದ ಕಡಲೆಕಾಯಿ ಎಣ್ಣೆ ಹಾಗೇ ಹರಿಯುತ್ತದೆ. ಕೊಬ್ಬಿನಲ್ಲೂ ಬೇಗ ಕರಗುವುದು, ನಿಧಾನ ಕರಗುವುದು ಎಂಬ ಭೇದವಿದೆ. ಉಷ್ಣಪ್ರಿಯ ಬ್ಯಾಕ್ಟೀರಿಯಾಗಳು ಸುಲಭಕ್ಕೆ ಕರಗದ ಜಾತಿಯ ಕೊಬ್ಬಿನಿಂದಲೇ ಪೊರೆ ಕಟ್ಟಿಕೊಳ್ಳುತ್ತವೆ. ಹಾಗಾಗಿ ನಮ್ಮ ಜೀವಕೋಶದ ಪೊರೆ ಸೋರಿಹೋಗುವ ಬಿಸಿಯಲ್ಲೂ ಅವುಗಳದ್ದು ಬಿಗಿಯಾಗಿರುತ್ತದೆ. ಅವುಗಳ ಪ್ರೋಟೀನುಗಳ ಒಳಗೆ ಧನ ವಿದ್ಯುದಂಶದ ಭಾಗಗಳೂ ಋಣ ವಿದ್ಯುದಂಶದ ಭಾಗಗಳೂ ಒಂದನ್ನೊಂದು ಹೆಚ್ಚು ಕಡೆ ಹಿಡಿದುಕೊಂಡಿರುತ್ತವೆ, ಪೊಳ್ಳು ಜಾಗ ಕಡಿಮೆ. ಆದರೂ ಮಡಿಕೆ ಬಿಚ್ಚಿಕೊಂಡ ಪ್ರೋಟೀನುಗಳನ್ನು ಮತ್ತೆ ಮಡಿಸಲೆಂದೇ ಬೇರೆ ಪ್ರೋಟೀನುಗಳಿವೆ. ಬಿಸಿಯಲ್ಲಿ ಬಾಳುವುದೆಂದರೆ ಕ್ಷಣಕ್ಷಣವೂ ಈ ದುರಸ್ತಿ.

ಈ ಜೀವಿಗಳ ಸಂಶೋಧನೆಗೆ ಹೊಸ ದಾರಿ ತೆರೆದವರು ಅಮೆರಿಕದ ಥಾಮಸ್ ಬ್ರಾಕ್. 1966ರಲ್ಲಿ ಅವರೂ ವಿದ್ಯಾರ್ಥಿ ಹಡ್ಸನ್ ಫ್ರೀಜ್ ಅವರೂ ಯೆಲ್ಲೊಸ್ಟೋನ್‌ನ ಬಿಸಿನೀರಿನ ಬುಗ್ಗೆಯೊಂದರಿಂದ ತಂದ ಮಾದರಿಯಲ್ಲಿ 70 ಡಿಗ್ರಿಯಲ್ಲಿ ಸೊಗಸಾಗಿ ಬೆಳೆಯುವ ಬ್ಯಾಕ್ಟೀರಿಯಾ ಸಿಕ್ಕಿತು. ಅದಕ್ಕೆ ಥರ್ಮಸ್ ಅಕ್ವಾಟಿಕಸ್ ಎಂದು ಹೆಸರಿಟ್ಟು 1969ರಲ್ಲಿ ಪ್ರಕಟಿಸಿದರು. ಡಿಎನ್‌ಎ ನಕಲು ಮಾಡುವ ಅದರ ಕಿಣ್ವ ಕುದಿನೀರಿನ ಸನಿಹದ ಬಿಸಿಯಲ್ಲೂ ಕೆಡದು. ಡಿಎನ್‌ಎ ನಕಲುಗಳನ್ನು ಹೆಚ್ಚಿಸುವ ಪಿಸಿಆರ್ ತಂತ್ರ ಮನೆಮಾತಾಗಿದ್ದು ಆ ಕಿಣ್ವದಿಂದ. ಪಿಸಿಆರ್ ರೂಪಿಸಿದ ಕ್ಯಾರಿ ಮುಲ್ಲಿಸ್‌ಗೆ 1993ರಲ್ಲಿ ನೊಬೆಲ್ ಬಂತು. ಕೊರೊನಾ ಕಾಲದಲ್ಲಿ ವಿಜಯನಗರದಲ್ಲೋ ರಾಜಾಜಿನಗರದಲ್ಲೋ ಮೂಗಿಗೆ ಕಡ್ಡಿ ಹಾಕಿಸಿಕೊಂಡು ವರದಿಗೆ ಕಾದಿರಲ್ಲ, ಆ ಪರೀಕ್ಷೆಯ ಬೇರು ಈ ಬಿಸಿಜೀವಿಯಲ್ಲಿದೆ. ಥರ್ಮಸ್ ಕುಲದವು ಬುಗ್ಗೆಗಳಲ್ಲಷ್ಟೇ ಇಲ್ಲ: ಸ್ವಿಟ್ಜರ್ಲೆಂಡಿನ ಸಂಶೋಧಕರು 60ರಿಂದ 80 ಡಿಗ್ರಿಯ ಗೊಬ್ಬರದ ರಾಶಿಗಳಿಂದಲೂ ಅವನ್ನು ಬೇರ್ಪಡಿಸಿ 1996ರಲ್ಲಿ ವರದಿ ಮಾಡಿದರು.

ಬಿಸಿಯ ತುದಿ ಇನ್ನೂ ಮೇಲಿದೆ. ಹಿಂದೂ ಮಹಾಸಾಗರದ ತಳದ ಬಿಸಿ ಚಿಲುಮೆಯೊಂದರಿಂದ ಸಿಕ್ಕ ಮೆಥನೋಪೈರಸ್ ಎಂಬ ಸೂಕ್ಷ್ಮಜೀವಿ, ಹೆಚ್ಚಿನ ಒತ್ತಡದಲ್ಲಿ 122 ಡಿಗ್ರಿಯಲ್ಲೂ ಬೆಳೆಯಿತೆಂದು ಜಪಾನಿನ ವಿಜ್ಞಾನಿಗಳು 2008ರಲ್ಲಿ ತೋರಿಸಿದರು. ಆಸ್ಪತ್ರೆಗಳ ಆಟೋಕ್ಲೇವ್ ಉಪಕರಣಗಳನ್ನು ಶುದ್ಧಮಾಡುವುದು 121 ಡಿಗ್ರಿಯ ಹಬೆಯಲ್ಲಿ. ಅದು ಸರಿಯಾಗಿ ಕೆಲಸ ಮಾಡಿತೇ ಎಂದು ಪರೀಕ್ಷಿಸಲು ಒಳಗಿಡುವುದು ಜಿಯೋಬ್ಯಾಸಿಲಸ್ ಬೀಜಕಗಳನ್ನೇ. ಅಷ್ಟು ಗಟ್ಟಿ ಜೀವವೇ ಸತ್ತಿದ್ದರೆ ಉಳಿದವು ಸತ್ತಿರುತ್ತವೆ ಎಂಬ ಭರವಸೆ.

ಹನ್ನೆರಡನೇ ದಿನ

ಇವತ್ತು ರಾಶಿ ತಿರುವುವಾಗ ಒಂದು ಹಿಡಿ ಅಂಗೈ ಮೇಲೆ ಇಟ್ಟುಕೊಳ್ಳಿ. ಅವರೆ ಸಿಪ್ಪೆ ಗುರುತು ಸಿಗದಂತಾಗಿದೆ. ಸೇವಂತಿಗೆ ಕಂದು ಚೂರುಗಳಾಗಿದೆ. ಕಬ್ಬಿನ ಸಿಪ್ಪೆ ಇನ್ನೂ ನಾರುನಾರಾಗಿ ಉಳಿದಿದೆ, ಆದರೆ ಚಿವುಟಿದರೆ ಮೆತ್ತಗೆ ಬಿಡಿಸಿಕೊಳ್ಳುತ್ತದೆ. ಎಲೆಗಳ ಮೇಲೆ ಬೂದಿ ಉದುರಿಸಿದ ಹಾಗೆ ಬೆಳ್ಳನೆಯ ಪುಡಿ. ಕಣ್ಣಿಗೆ ಹತ್ತಿರ ಹಿಡಿದರೆ ಅದು ಪುಡಿಯಲ್ಲ, ಜೇಡರ ಬಲೆಗಿಂತ ತೆಳುವಾದ ಎಳೆಗಳ ಹೆಣಿಗೆ. ಬೂಷ್ಟಿನ ಹಾಗೆ ಕಂಡರೂ ಇವು ಆಕ್ಟಿನೋಮೈಸೀಟ್ ಎಂಬ ಬ್ಯಾಕ್ಟೀರಿಯಾ. ಸಕ್ಕರೆ, ಪಿಷ್ಟ ತಿಂದು ಹೋದವರು ಮುಟ್ಟದೆ ಬಿಟ್ಟ ನಾರನ್ನು ಇವು ಮುರಿಯುತ್ತವೆ. ಮೂಸಿ ನೋಡಿ. ಮೊದಲ ಮಳೆ ಬಿದ್ದ ಮಣ್ಣಿನ ವಾಸನೆ ಬರುತ್ತಿದೆ. ಆ ವಾಸನೆ ಜಿಯೋಸ್ಮಿನ್ ಎಂಬ ರಾಸಾಯನಿಕದ್ದು, ಅದನ್ನು ತಯಾರಿಸುವುದು ಇದೇ ಗುಂಪು.

ಇಲ್ಲಿ ನಿಂತು ಈಶಾನ್ಯಕ್ಕೆ ತಿರುಗಿದರೆ ಕೆಲವೇ ಕಿಲೋಮೀಟರ್ ದೂರದಲ್ಲಿ, ಯಶವಂತಪುರದ ಪಕ್ಕ, ಭಾರತೀಯ ವಿಜ್ಞಾನ ಸಂಸ್ಥೆಯಿದೆ. 1939ರಲ್ಲಿ ಅಲ್ಲಿ ಸಿ.ಎನ್. ಆಚಾರ್ಯ ಅವರು ಊರ ಕಸವನ್ನು ಗೊಬ್ಬರ ಮಾಡುವ ಪದ್ಧತಿಯೊಂದನ್ನು ರೂಪಿಸಿದರು. ಇಂದಿಗೂ ಎಂಬಿಬಿಎಸ್ ವಿದ್ಯಾರ್ಥಿಗಳು ಸಮುದಾಯ ವೈದ್ಯಶಾಸ್ತ್ರದ ಪುಸ್ತಕದಲ್ಲಿ ಅದನ್ನು ‘ಬೆಂಗಳೂರು ವಿಧಾನ’ ಎಂದು ಓದುತ್ತಾರೆ. ಮೂರು ಅಡಿ ಆಳದ ಕಂದಕ. ತಳದಲ್ಲಿ 15 ಸೆಂಟಿಮೀಟರ್ ಕಸ, ಅದರ ಮೇಲೆ 5 ಸೆಂಟಿಮೀಟರ್ ಮಲ, ಮತ್ತೆ ಕಸ, ಮತ್ತೆ ಮಲ. ನೆಲಮಟ್ಟದಿಂದ ಒಂದಡಿ ಮೇಲೆ ಬಂದಾಗ ದಪ್ಪ ಕಸದ ಪದರ, ಅದರ ಮೇಲೆ ಮಣ್ಣು. ಏಳು ದಿನದೊಳಗೆ ಒಳಗಿನ ಬಿಸಿ 60 ಡಿಗ್ರಿ ದಾಟುತ್ತದೆ, ಎರಡು ಮೂರು ವಾರ ಹಾಗೇ ಉಳಿಯುತ್ತದೆ. ಕಾಲರಾ, ಟೈಫಾಯ್ಡ್ ಹಳ್ಳಿಹಳ್ಳಿಗಳನ್ನು ಬರಿದು ಮಾಡುತ್ತಿದ್ದ ಕಾಲದಲ್ಲಿ ಆ ಬಿಸಿಯೇ ಔಷಧಿ. ನಾಲ್ಕರಿಂದ ಆರು ತಿಂಗಳಲ್ಲಿ ಒಳಗಿದ್ದುದೆಲ್ಲ ವಾಸನೆಯಿಲ್ಲದ ಗೊಬ್ಬರ. ನಮ್ಮ ಊರಿನ ಹೆಸರು ಜಗತ್ತಿಗೆ ತಂತ್ರಾಂಶಕ್ಕಿಂತ ಮೊದಲು ಗೊಬ್ಬರದಿಂದ ತಲುಪಿತ್ತು.

ಆದರೆ ಆ ಕಂದಕದ ತನಕ ಮಲವನ್ನು ಹೊತ್ತವರು ಯಾರು? ಜಾತಿಯ ಹೆಸರಿನಲ್ಲಿ ಆ ಕೆಲಸಕ್ಕೆ ದೂಡಲ್ಪಟ್ಟವರು, ತಲೆಯ ಮೇಲೆ, ಕೈಯಲ್ಲಿ. 1970ರ ದಶಕದಲ್ಲಿ ದೇವರಾಜ ಅರಸು ಸಂಪುಟದ ಸಚಿವ ಬಿ. ಬಸವಲಿಂಗಪ್ಪನವರು ಮಲ ಹೊರುವ ಪದ್ಧತಿಯನ್ನು ಕರ್ನಾಟಕದಲ್ಲಿ ನಿಷೇಧಿಸಿದರು. ಕಂದಕದೊಳಗಿನ ಬಿಸಿ ರೋಗಾಣುವನ್ನು ಕೊಂದೀತು. ಕಂದಕಕ್ಕೆ ಬರುವ ಮುಂಚೆ ಆ ರೋಗಾಣು ಮುಟ್ಟಿದ ಕೈಗಳನ್ನು ಯಾವ ಸೂಕ್ಷ್ಮಜೀವಿಯೂ ಕಾಯಲಿಲ್ಲ. ಅದು ಮನುಷ್ಯರೇ ಮಾಡಬೇಕಾದ ಕೆಲಸವಾಗಿತ್ತು.

ಅದೇ ದಿನ, ಮಧ್ಯಾಹ್ನ

ಈಗ ಮಾಗಡಿ ರಸ್ತೆ ಹಿಡಿಯಿರಿ. ಸುಮನಹಳ್ಳಿ, ಸುಂಕದಕಟ್ಟೆ, ಬ್ಯಾಡರಹಳ್ಳಿ ದಾಟಿ ಮುಂದೆ ಹೋದರೆ ಕನ್ನಹಳ್ಳಿ, ಸೀಗೇಹಳ್ಳಿ. 2012ರಲ್ಲಿ ಮಾವಳ್ಳಿಪುರಕ್ಕೆ, 2014ರ ಕೊನೆಗೆ ಮಂಡೂರಿಗೆ ಕಸ ಹೋಗುವುದು ನಿಂತ ಮೇಲೆ ನಗರ ಕಸ ಸಂಸ್ಕರಣೆಗೆ ಆಶ್ರಯಿಸಿದ ಘಟಕಗಳಲ್ಲಿ ಇಲ್ಲಿಯವೂ ಸೇರಿವೆ. ಕೆಂಗೇರಿಯಾಚೆ ಸುಬ್ಬರಾಯನಪಾಳ್ಯದಲ್ಲಿ ಇನ್ನೊಂದು. ಇವುಗಳ ಸುತ್ತಲಿನ ಹಳ್ಳಿಯವರು ದುರ್ನಾತದ ವಿರುದ್ಧ ಬೀದಿಗಿಳಿದದ್ದು ಒಂದೆರಡು ಸಲವಲ್ಲ. ಕಸದ ಲಾರಿಯ ಹಿಂದೆ ಸಿಕ್ಕಿಕೊಂಡರೆ ಸಾಕು, ಕಾರಣ ನಿಮಗೇ ತಿಳಿಯುತ್ತದೆ. ಮೂಗು ಮುಚ್ಚುತ್ತೀರಿ, ಲಾರಿಯಿಂದ ಸೋರುವ ಕಪ್ಪು ನೀರು ರಸ್ತೆಯ ಮೇಲೆ ಗೆರೆ ಎಳೆಯುತ್ತದೆ.

ಅಲ್ಲಿರುವುದೂ ಅದೇ ಅವರೆ ಸಿಪ್ಪೆ, ಅದೇ ಸೇವಂತಿಗೆ. ಆದರೆ ಬಂದಿರುವುದು ಗಂಟು ಬಿಗಿದ ಪ್ಲಾಸ್ಟಿಕ್ ಕವರಿನೊಳಗೆ, ಡಯಾಪರ್ ಮತ್ತು ಒಡೆದ ಬಲ್ಬಿನ ಜತೆಗೆ. ಕವರಿನೊಳಗೆ ಒಂದು ರಾತ್ರಿ ಕಳೆಯುವಷ್ಟರಲ್ಲಿ ಆಮ್ಲಜನಕ ಖರ್ಚಾಗಿ ಹೋಗುತ್ತದೆ. ಗಾಳಿ ಬೇಕಾದ ಬಿಸಿಯ ಒಕ್ಕಲಿಗೆ ಅಲ್ಲಿ ಉಸಿರಿಲ್ಲ. ಗಾಳಿ ಬೇಡದ ಬೇರೆ ಬ್ಯಾಕ್ಟೀರಿಯಾಗಳು ಜಾಗ ಹಿಡಿದು ಹುಳಿ ಆಮ್ಲ, ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್, ಮೀಥೇನ್ ಬಿಡುತ್ತವೆ. ಉದ್ಯಾನದಲ್ಲಿ ಮಣ್ಣಿನ ವಾಸನೆಯಾದದ್ದು ಇಲ್ಲಿ ಹೇಸಿಗೆಯಾದದ್ದಕ್ಕೆ ಸೂಕ್ಷ್ಮಜೀವಿಗಳನ್ನು ದೂರಿ ಫಲವಿಲ್ಲ. ಅವುಗಳ ಉಸಿರು ಕಟ್ಟಿದ್ದು ನಮ್ಮ ಅಡುಗೆಮನೆಯ ಸಿಂಕಿನ ಕೆಳಗೆ.

ಬೆರೆತದ್ದನ್ನು ಬೇರೆ ಮಾಡಲು ಹೊರಟರೆ ಮತ್ತೆ ಕೈಗಳೇ ಬೇಕು. ಮೊದಲ ದಿನ ಕವರಿನ ಗಂಟು ಬಿಚ್ಚಿದ ಕೈಯಂಥವೇ. ಒಳಗೆ ಸಿರಿಂಜಿದೆಯೋ ಒಡೆದ ಗಾಜಿದೆಯೋ ತಿಳಿಯದೆ ಬೆರಳು ಹಾಕುವ ಕೈಗಳು. ತಲೆಯ ಮೇಲೆ ಮಲ ಹೊರುವುದನ್ನು ನಿಷೇಧಿಸಿ ದಶಕಗಳಾದವು. ಮುಖ ಕಾಣದ ಯಾರದೋ ಹೊಲಸಿಗೆ ಅದೇ ಸಮುದಾಯಗಳ ಕೈ ಹಾಕಿಸುವುದು ನಿಂತಿಲ್ಲ. ಹಸಿ, ಒಣ, ಅಪಾಯಕಾರಿ ಕಸವನ್ನು ಮನೆಯಲ್ಲೇ ಬೇರ್ಪಡಿಸಬೇಕೆಂದು ಹೈಕೋರ್ಟ್ 2015ರಲ್ಲಿ ಬೆಂಗಳೂರಿಗೆ ಆದೇಶಿಸಿತು: ಹಸಿ ಕಸಕ್ಕೆ ಹಸಿರು ಬುಟ್ಟಿ, ತಿರಸ್ಕೃತ ಕಸಕ್ಕೆ ಕೆಂಪು ಬುಟ್ಟಿ, ಒಣ ಕಸಕ್ಕೆ ಚೀಲ. ಮರುವರ್ಷ ಬಂದ ಕೇಂದ್ರದ ಘನತ್ಯಾಜ್ಯ ನಿಯಮಗಳು ಅದನ್ನೇ ದೇಶಕ್ಕೆಲ್ಲ ಹೇಳಿದವು. ನಿಯಮಕ್ಕೆ ಕೊರತೆಯಿಲ್ಲ.

ನಲವತ್ತನೇ ದಿನ

ಮತ್ತೆ ಖಾನೆಯ ಬಳಿ ಬನ್ನಿ. ಎದೆಮಟ್ಟ ಇದ್ದ ರಾಶಿ ಸೊಂಟಕ್ಕಿಂತ ಕೆಳಗಿಳಿದಿದೆ. ಥರ್ಮಾಮೀಟರ್ 35ಕ್ಕೆ ಬಂದಿದೆ. ಸುಲಭದ ಆಹಾರ ಮುಗಿದಂತೆ ಬಿಸಿ ಇಳಿಯಿತು, ಬಿಸಿಯ ಒಕ್ಕಲು ಬೀಜಕಗಳಾಗಿ ಮತ್ತೆ ಮಲಗಿತು. ಈಗ ಎರೆಹುಳು, ಸಹಸ್ರಪದಿ, ತಣ್ಣನೆಯ ಶಿಲೀಂಧ್ರಗಳ ಸರದಿ. ಇನ್ನೊಂದು ತಿಂಗಳು ಹಣ್ಣಾಗಲು ಬಿಟ್ಟರೆ ಕಪ್ಪಗಿನ, ಪುಡಿಪುಡಿಯಾದ ಗೊಬ್ಬರ ಜರಡಿಗೆ ಸಿದ್ಧ. ಮಾಲಿ ಅದರಲ್ಲಿ ಎರಡು ಬಾಂಡ್ಲಿ ತೆಗೆದಿಟ್ಟು ಮುಂದಿನ ರಾಶಿಗೆ ಹರವುತ್ತಾರೆ.

ಈ ಇಡೀ ಕೆಲಸಕ್ಕೆ ಕರೆಂಟು ಬೇಕಾಗಲಿಲ್ಲ, ಯಂತ್ರ ಬೇಕಾಗಲಿಲ್ಲ, ಲಾರಿ ಒಂದು ಕಿಲೋಮೀಟರ್ ಓಡಲಿಲ್ಲ. ಬೇಕಾದದ್ದು ಬೇರ್ಪಡಿಸಿದ ಹಸಿ ಕಸ, ಸುಡದೆ ಉಳಿಸಿದ ತರಗೆಲೆ, ಸ್ವಲ್ಪ ಗಾಳಿ, ಸ್ವಲ್ಪ ನೀರು, ಒಬ್ಬ ಮಾಲಿಯ ಬೆನ್ನು. ರಾಜಾಜಿನಗರದಿಂದ ಕೆಂಗೇರಿಯ ತನಕ ಪ್ರತಿ ಬಡಾವಣೆಯಲ್ಲೂ ಉದ್ಯಾನವಿದೆ, ಎಲೆ ಉದುರಿಸುವ ಮರಗಳಿವೆ, ಅವರೆ ಸುಲಿಯುವ ಮನೆಗಳಿವೆ. ಬೆಂಗಳೂರು ವಿಧಾನವನ್ನು ಜಗತ್ತಿಗೆ ಕಲಿಸಿದ ಊರು ತನ್ನ ಹಸಿ ಕಸವನ್ನು ಬೇರೆಯವರ ಊರಿನ ಬಾಗಿಲಿಗೆ ಸುರಿಯುವುದು ಅನ್ಯಾಯ.

ಆದ್ದರಿಂದ ಇಷ್ಟು ಮಾಡಿ. ಹಸಿ ಕಸದ ಬುಟ್ಟಿಗೆ ಪ್ಲಾಸ್ಟಿಕ್ ಕವರ್ ಹಾಸುವುದನ್ನು ಇವತ್ತೇ ನಿಲ್ಲಿಸಿ. ಬೇಕಿದ್ದರೆ ಹಳೆಯ ಪತ್ರಿಕೆ ಹಾಸಿ. ಡಯಾಪರ್, ಸಿರಿಂಜು, ಗಾಜನ್ನು ಕಾಗದದಲ್ಲಿ ಸುತ್ತಿ ಗುರುತು ಮಾಡಿ ಬೇರೆಯೇ ಕೊಡಿ. ಬೀದಿಯಲ್ಲಿ ಯಾರಾದರೂ ಎಲೆಗೆ ಬೆಂಕಿ ಹಚ್ಚುತ್ತಿದ್ದರೆ ತಡೆಯಿರಿ, ಆ ಎಲೆ ನಿಮ್ಮ ಪಾರ್ಕಿನ ಖಾನೆಗೆ ಬೇಕು. ಖಾನೆ ಇಲ್ಲದಿದ್ದರೆ ಹತ್ತು ಮನೆಯವರು ಸೇರಿ ಪಾಲಿಕೆಗೆ ಅರ್ಜಿ ಕೊಡಿ. ನಾಳೆ ಬೆಳಗ್ಗೆ ಆಟೊ ಬಂದಾಗ ನಿಮ್ಮ ಬುಟ್ಟಿ ಎತ್ತಿಕೊಳ್ಳುವವರು ಯಾವ ಗಂಟನ್ನೂ ಬಿಚ್ಚಬೇಕಾಗಬಾರದು.